ಶನಿವಾರದ ಪದಬಂಧ ಮತ್ತು ಪೊವಿಸ್ ಮ್ಯಾಥರ್ಸ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಮನೆಗೆ ಬಂದು ಕೇಳಿದಾಗ, ನನಗೆ ವಯಸ್ಸಾಯಿತು, ಬರೆಯುವವರು ಬೇರೆ ಬಹಳ ಜನ ಇದ್ದಾರೆ ಎಂದೆ. ಅವರು ಬಿಡಲಿಲ್ಲ. ಶನಿವಾರದ ಪದಬಂಧದ ವಿಷಯವನ್ನಾದರೂ ಬರೆಯಿರಿ ಎಂದರು. ನಮ್ಮ ಶಾಲೆಯ ಸೂಚನಾ ಫಲಕದಲ್ಲಿ ಪ್ರತಿ ಶನಿವಾರ ನಾನು ಅಂಟಿಸುತ್ತಿದ್ದ ಪದಬಂಧವನ್ನು ಅವರು ಇನ್ನೂ ನೆನಪಿಟ್ಟಿದ್ದಾರೆ ಎಂದು ತಿಳಿದು ಸಂತೋಷವಾಯಿತು.

ಆದರೆ ಆ ಯೋಚನೆ ನನ್ನದಲ್ಲ. ಅದನ್ನು ನಾನು ಕಲಿತದ್ದು 1939ರಲ್ಲೇ ತೀರಿಕೊಂಡ ಒಬ್ಬ ಇಂಗ್ಲಿಷ್ ಬರಹಗಾರರಿಂದ. ಅವರ ಹೆಸರು ಎಡ್ವರ್ಡ್ ಪೊವಿಸ್ ಮ್ಯಾಥರ್ಸ್. ಲೋಕಕ್ಕೆ ಅವರು ಪರಿಚಯವಾದದ್ದು ಟಾರ್ಕಮಾಡಾ ಎಂಬ ಗುಪ್ತನಾಮದಿಂದ. ಆದ್ದರಿಂದ ನನ್ನ ಬಗ್ಗೆ ಬರೆಯುವುದಕ್ಕಿಂತ ಅವರ ಜೀವನವನ್ನು ಹೇಳುವುದೇ ಸರಿ ಎನಿಸಿದೆ. ಅದಕ್ಕೆ ಮೊದಲು ಪದಬಂಧ ಎಂಬ ಮಾತು ಕೇಳಿದರೇ ಹೆದರುತ್ತಿದ್ದ ನಮ್ಮ ಮನೆಯ ಕಥೆಯನ್ನು ಸ್ವಲ್ಪ ಹೇಳಬೇಕು.

ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮ ತಂದೆಯವರಿಗೆ ಬಹುಮಾನದ ಪದಬಂಧಗಳ ಹುಚ್ಚು ಹಿಡಿಯಿತು. ಪತ್ರಿಕೆಯ ಹೆಸರು ಇಲ್ಲಿ ಬೇಡ. ಒಂದು ಕೂಪನ್ನಿಗೆ ನಾಲ್ಕಾಣೆ ಪ್ರವೇಶ ಶುಲ್ಕ, ಗೆದ್ದರೆ ಸಾವಿರಾರು ರೂಪಾಯಿ. ಸೂಚನೆಗಳು ನೋಡುವುದಕ್ಕೆ ಬಹಳ ಸುಲಭ. ಬಡವನಿಗೆ ಇದು ಇಲ್ಲದಿದ್ದರೆ ಬದುಕು ಕಷ್ಟ, ಎರಡು ಅಕ್ಷರ, ಕೊನೆಯದು ‘ಣ’. ಹಣ ಎಂದು ಬರೆದರೂ ಸರಿ, ಗುಣ ಎಂದು ಬರೆದರೂ ಸರಿ. ಸರಿಯಾದದ್ದು ಯಾವುದೆಂದು ಪತ್ರಿಕೆಯವರು ಮೊದಲೇ ಗೊತ್ತುಮಾಡಿ ಇಟ್ಟುಕೊಂಡಿರುತ್ತಿದ್ದರು. ತಂದೆಯವರು ಗುಣ ಎಂದು ಬರೆದ ವಾರ ಉತ್ತರ ಹಣ ಎಂದು ಬಂತು. ಯಾಕೆ ಹಾಗೆ ಎಂದು ಕೇಳಿದರೆ ಕಾರಣ ಹೇಳುವವರು ಯಾರೂ ಇರಲಿಲ್ಲ.

ಇಂಥ ಎರಡು ದಾರಿಯ ಸೂಚನೆಗಳು ಹತ್ತಿದ್ದರೆ ಎಲ್ಲ ಬಗೆಯಲ್ಲೂ ತುಂಬಲು 1,024 ಕೂಪನ್ ಬೇಕು. ನಾಲ್ಕಾಣೆಯಂತೆ 256 ರೂಪಾಯಿ. ಆ ಕಾಲದ ಗುಮಾಸ್ತರಿಗೆ ಅದು ಹಲವು ತಿಂಗಳ ಸಂಬಳ. ಅಷ್ಟು ಕಳಿಸಲು ತಂದೆಯವರಿಂದ ಆಗುತ್ತಿರಲಿಲ್ಲ. ಹತ್ತು ಕಳಿಸುತ್ತಿದ್ದರು, ಇಪ್ಪತ್ತು ಕಳಿಸುತ್ತಿದ್ದರು. ಒಂದು ತಪ್ಪು, ಎರಡು ತಪ್ಪು ಎಂದು ಫಲಿತಾಂಶ ಬರುತ್ತಿತ್ತು. ಹತ್ತಿರ ಬಂದಿದ್ದೇವೆ ಎಂಬ ಆಸೆಯೇ ಮುಂದಿನ ವಾರಕ್ಕೆ ಎಳೆಯುತ್ತಿತ್ತು. ಕೊನೆಗೆ ನಮ್ಮ ತಾಯಿಯವರ ಓಲೆ ಗಿರವಿ ಅಂಗಡಿಗೆ ಹೋಯಿತು, ಮತ್ತೆ ಮನೆಗೆ ಬರಲಿಲ್ಲ.

ಇದು ನಮ್ಮ ಒಂದೇ ಮನೆಯ ಕಥೆಯಾಗಿರಲಿಲ್ಲ. 1955ರಲ್ಲಿ ಕೇಂದ್ರ ಸರ್ಕಾರ ಬಹುಮಾನ ಸ್ಪರ್ಧೆಗಳ ಕಾಯಿದೆ ತಂದಿತು. ತಿಂಗಳಿಗೆ ಒಟ್ಟು 1,000 ರೂಪಾಯಿಗಿಂತ ಹೆಚ್ಚು ಬಹುಮಾನ ಕೊಡುವ ಇಂಥ ಸ್ಪರ್ಧೆಗಳು ನಿಷೇಧವಾದವು. ಬೆಂಗಳೂರಿನಲ್ಲಿ ಅಚ್ಚಾಗಿ ಮುಂಬಯಿಯ ಕಡೆಯೂ ಹಂಚಿಕೆಯಾಗುತ್ತಿದ್ದ ವಾರಪತ್ರಿಕೆಯೊಂದರ ಪದಬಂಧ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದು ಜಾಣ್ಮೆಯ ಸ್ಪರ್ಧೆಯಲ್ಲ, ಜೂಜು ಎಂದು 1957ರಲ್ಲಿ ತೀರ್ಪಾಯಿತು. ಆ ವೇಳೆಗೆ ತಂದೆಯವರು ಕೂಪನ್ ಬಿಟ್ಟಿದ್ದರು. ನಮ್ಮ ಮನೆಯಲ್ಲಿ ಪದಬಂಧದ ಮಾತು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ನಾನು ಬಿ.ಎಡ್. ಓದುವಾಗ ಗ್ರಂಥಾಲಯದಲ್ಲಿ ಪದಬಂಧದ ಚರಿತ್ರೆ ಕುರಿತ ಹಳೆಯ ಇಂಗ್ಲಿಷ್ ಪುಸ್ತಕವೊಂದು ಕಣ್ಣಿಗೆ ಬಿತ್ತು. ಕದ್ದು ಓದುವವನಂತೆ ಮೂಲೆಯಲ್ಲಿ ಕುಳಿತು ಓದಿದೆ. ಮ್ಯಾಥರ್ಸ್ ಅವರ ಹೆಸರು ನಾನು ಮೊದಲು ಕಂಡದ್ದು ಅಲ್ಲಿ.

ಮ್ಯಾಥರ್ಸ್ ಹುಟ್ಟಿದ್ದು 1892ರ ಆಗಸ್ಟ್ 28ರಂದು, ಲಂಡನ್ನಿನ ಫಾರೆಸ್ಟ್ ಹಿಲ್ ಎಂಬಲ್ಲಿ. ತಂದೆ ಪತ್ರಿಕೆಯೊಂದರ ಒಡೆಯರು. ಹುಡುಗ ಸ್ಕಾಟ್ಲೆಂಡಿನ ಲೊರೆಟ್ಟೊ ಶಾಲೆಯಲ್ಲಿ ಓದಿ, ಮುಂದೆ ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿಗೆ ಹೋದರು. ಅವರ ಮೊದಲ ಪ್ರೀತಿ ಪದಬಂಧವಲ್ಲ, ಕಾವ್ಯ. ಅದರಲ್ಲೂ ಪೂರ್ವ ದೇಶಗಳ ಕಾವ್ಯ.

ಇಲ್ಲಿ ನಮ್ಮ ನಾಡಿಗೂ ಅವರಿಗೂ ಒಂದು ನಂಟು ಇದೆ. ಹೈಸ್ಕೂಲಿನ ಇತಿಹಾಸದಲ್ಲಿ ಕಲ್ಯಾಣದ ಚಾಲುಕ್ಯರ ಪಾಠ ಓದಿದವರಿಗೆಲ್ಲ ಬಿಲ್ಹಣನ ಹೆಸರು ನೆನಪಿರುತ್ತದೆ. ಕಾಶ್ಮೀರದಿಂದ ಹೊರಟು, ಊರೂರು ಅಲೆದು, ಕೊನೆಗೆ ಇಂದಿನ ಬಸವಕಲ್ಯಾಣಕ್ಕೆ ಬಂದು ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ನಿಂತು, ವಿಕ್ರಮಾಂಕದೇವಚರಿತ ಬರೆದ ಕವಿ ಅವನು. ಅವನದೇ ಎಂದು ಹೇಳುವ ಇನ್ನೊಂದು ಪುಟ್ಟ ಕಾವ್ಯ ಚೌರಪಂಚಾಶಿಕೆ. ರಾಜಕುಮಾರಿಗೆ ಪಾಠ ಹೇಳಲು ಹೋದ ಕವಿ ಅವಳನ್ನೇ ಪ್ರೀತಿಸಿ, ಮರಣದಂಡನೆಗೆ ಗುರಿಯಾಗಿ, ಸಾವಿನ ಮುಂದೆ ನಿಂತು ಅವಳನ್ನು ನೆನೆದು ಹೇಳಿದ ಐವತ್ತು ಪದ್ಯಗಳು ಎಂಬುದು ಐತಿಹ್ಯ. ಒಂದೊಂದು ಪದ್ಯವೂ ಒಂದೇ ಪದದಿಂದ ಆರಂಭವಾಗುತ್ತದೆ.

ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ 1915ರಲ್ಲಿ, ಸೈನಿಕರ ಶೆಡ್ಡಿನ ಒಲೆಯ ಪಕ್ಕದಲ್ಲಿ ಪೆಟ್ಟಿಗೆಯೊಂದರ ಮೇಲೆ ಕುಳಿತು, ಎರಡು ಮೂರು ಸಲದಲ್ಲಿ ಮ್ಯಾಥರ್ಸ್ ಈ ಕಾವ್ಯವನ್ನು ಇಂಗ್ಲಿಷಿಗೆ ತಂದರು. ಅದು ಮೂಲದ ಮಾತಿಗೆ ಮಾತು ಹಿಡಿದ ಅನುವಾದವಲ್ಲ, ಬಹಳ ಸ್ವತಂತ್ರವಾದ ರೂಪಾಂತರ. 1919ರಲ್ಲಿ ಕಪ್ಪು ಚೆಂಡುಹೂ ಎಂಬ ಅರ್ಥದ ಹೆಸರಿನಲ್ಲಿ ಅಚ್ಚಾಯಿತು. ಮುಂದೆ ಅಮೆರಿಕದ ಜಾನ್ ಸ್ಟೈನ್‌ಬೆಕ್ 1945ರಲ್ಲಿ ಪ್ರಕಟಿಸಿದ ಕ್ಯಾನರಿ ರೋ ಕಾದಂಬರಿಯ ಕೊನೆಯಲ್ಲಿ ಈ ಪದ್ಯಗಳನ್ನು ಬಳಸಿಕೊಂಡರು. ಹೀಗೆ ಕಲ್ಯಾಣದ ಆಸ್ಥಾನ ಕವಿಯ ಹೆಸರಿನ ಕಾವ್ಯ ಮ್ಯಾಥರ್ಸ್ ಕೈಯಿಂದ ಕ್ಯಾಲಿಫೋರ್ನಿಯಾದ ಕಡಲ ದಡದ ಕಥೆಯೊಳಗೆ ಸೇರಿತು. 1923ರಲ್ಲಿ ಅವರು ಅರೇಬಿಯನ್ ನೈಟ್ಸ್ ಕಥೆಗಳನ್ನು ಮಾರ್‌ಡ್ರೂಸ್ ಎಂಬವರ ಫ್ರೆಂಚ್ ಅನುವಾದದಿಂದ ಇಂಗ್ಲಿಷಿಗೆ ತಂದರು. ಅದು ಇಂದಿಗೂ ಅಚ್ಚಾಗುತ್ತಿದೆ.

ಅಷ್ಟರಲ್ಲಿ ಪದಬಂಧ ಎಂಬ ಹೊಸ ಆಟ ಇಂಗ್ಲೆಂಡಿಗೆ ಬಂದಿತ್ತು. ಅದು ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. 1913ರ ಡಿಸೆಂಬರ್ 21ರ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ಮೊದಲ ಪದಬಂಧ ಕೊಟ್ಟರು. ಹತ್ತು ಹನ್ನೆರಡು ವರ್ಷಗಳಲ್ಲಿ ಅದು ಅಟ್ಲಾಂಟಿಕ್ ದಾಟಿ ದೊಡ್ಡ ಹುಚ್ಚಾಗಿ ಹಬ್ಬಿತು. ಆ ಪದಬಂಧಗಳಲ್ಲಿ ನದಿಯ ಹೆಸರು, ಹಕ್ಕಿಯ ಹೆಸರು ಕೇಳುವ ನೇರ ಸೂಚನೆಗಳೇ ಇರುತ್ತಿದ್ದವು. ನಿಘಂಟು ಇದ್ದರೆ ಮುಗಿಯಿತು.

ಮ್ಯಾಥರ್ಸ್‌ಗೆ ಅದು ಸಪ್ಪೆ ಎನಿಸಿತು. 1925ರ ಹೊತ್ತಿಗೆ ತಾವೇ ಪದಬಂಧ ರಚಿಸತೊಡಗಿದರು. ಮೊದಮೊದಲು ಸೂಚನೆಗಳನ್ನು ಪ್ರಾಸಬದ್ಧ ಪದ್ಯಗಳಲ್ಲಿ ಬರೆದರು. 1926ರಿಂದ ಲಂಡನ್ನಿನ ಭಾನುವಾರದ ಪತ್ರಿಕೆ ಆಬ್ಸರ್ವರ್‌ನಲ್ಲಿ ಅವರ ಪದಬಂಧ ವಾರ ವಾರವೂ ಬಂತು. ಹದಿನೈದನೆಯ ಶತಮಾನದ ಸ್ಪೇನಿನಲ್ಲಿ ಧರ್ಮವಿಚಾರಣೆಯ ಹೆಸರಿನಲ್ಲಿ ಜನರಿಗೆ ಚಿತ್ರಹಿಂಸೆ ಕೊಡಿಸಿದ ಅಧಿಕಾರಿಯ ಹೆಸರು ಟಾರ್ಕಮಾಡಾ. ಓದುಗರನ್ನು ಹಿಂಸಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಾರದೆಂದು ತಮಾಷೆಗೆ ಅದನ್ನೇ ಇಟ್ಟುಕೊಂಡರು.

ಅವರ ಸೂಚನೆ ಮೇಲೆ ಒಂದು ಹೇಳಿದರೆ ಒಳಗೆ ಇನ್ನೊಂದು ಇರುತ್ತಿತ್ತು. ನಮ್ಮವರಿಗೆ ಇದು ಹೊಸದಲ್ಲ. ವಾಲ್ಮೀಕಿ ಮರ ಮರ ಎಂದು ಜಪಿಸುತ್ತಾ ರಾಮ ರಾಮ ಎಂದದ್ದನ್ನು ಅಜ್ಜಿಯ ಬಾಯಲ್ಲಿ ಕೇಳಿಯೇ ನಾವು ಬೆಳೆದದ್ದು. ಅಲ್ಲಮಪ್ರಭುವಿನ ಬೆಡಗಿನ ವಚನ, ಕನಕದಾಸರ ಮುಂಡಿಗೆ ಕೂಡ ಮೇಲಿನ ಮಾತನ್ನು ನಂಬಿ ಕುಳಿತವರಿಗೆ ದಕ್ಕುವುದಿಲ್ಲ. ಪದವನ್ನು ಹಿಂದುಮುಂದು ಮಾಡುವುದು, ಒಂದು ಪದದ ಹೊಟ್ಟೆಯಲ್ಲಿ ಇನ್ನೊಂದನ್ನು ಅಡಗಿಸುವುದು, ಅಕ್ಷರಗಳನ್ನು ಕಲಸಿ ಬೇರೆ ಪದ ಮಾಡುವುದು, ಇವೆಲ್ಲ ಟಾರ್ಕಮಾಡಾ ಅವರ ಸಾಮಗ್ರಿ. ಎಲ್ಲ ಸೂಚನೆಗಳನ್ನೂ ಹೀಗೆ ಗೂಢವಾಗಿಯೇ ಬರೆದ ಮೊದಲಿಗರು ಅವರೆಂದು ಹೇಳುತ್ತಾರೆ. ಕಪ್ಪು ಮನೆಗಳ ಬದಲು ಮನೆಗಳ ನಡುವೆ ದಪ್ಪ ಗೆರೆ ಎಳೆದು ಪದಗಳನ್ನು ಬೇರ್ಪಡಿಸುತ್ತಿದ್ದರು. ಅದರಿಂದ ಅಡ್ಡಪದಗಳೂ ಉದ್ದಪದಗಳೂ ಹೆಚ್ಚು ಮನೆಗಳಲ್ಲಿ ಸಂಧಿಸುತ್ತಿದ್ದವು. ಬಿಡಿಸುವವನು ಒಂದು ಪದ ತಪ್ಪು ಬರೆದರೆ ಅದನ್ನು ದಾಟುವ ಪದಗಳು ಸುಮ್ಮನಿರುತ್ತಿರಲಿಲ್ಲ, ತಪ್ಪನ್ನು ಎತ್ತಿ ತೋರಿಸುತ್ತಿದ್ದವು.

ಈ ಕೆಲಸದಲ್ಲಿ ಅವರ ಪತ್ನಿ ರೋಸಮಂಡ್ ಅವರದು ದೊಡ್ಡ ಪಾಲು. ವಿಷಯ ಗೊತ್ತುಮಾಡಿ ಪದಗಳ ಪಟ್ಟಿ ಕೊಡುವುದು ಪತಿಯ ಕೆಲಸ. ಆ ಪದಗಳನ್ನು ಚೌಕದಲ್ಲಿ ಒಂದಕ್ಕೊಂದು ಹೊಂದುವಂತೆ ಕೂಡಿಸುವುದು ಪತ್ನಿಯ ಕೆಲಸ. ಆಮೇಲೆ ಪತಿ ಸೂಚನೆ ಬರೆಯುತ್ತಿದ್ದರು. ಹೀಗೆ ಹದಿಮೂರು ವರ್ಷಗಳಲ್ಲಿ ಸುಮಾರು 670 ಪದಬಂಧಗಳು ಆಬ್ಸರ್ವರ್‌ನಲ್ಲಿ ಬಂದವು. ವರ್ಷಕ್ಕೆ 52 ವಾರ ಎಂದು ಲೆಕ್ಕ ಹಾಕಿ ನೋಡಿ, ತಪ್ಪಿದ ವಾರಗಳು ಎಷ್ಟು ಕಡಿಮೆ ಎಂದು ತಿಳಿಯುತ್ತದೆ. 1934ರಿಂದ ಅದೇ ಪತ್ರಿಕೆಗೆ ಪತ್ತೇದಾರಿ ಕಾದಂಬರಿಗಳ ವಿಮರ್ಶೆಯನ್ನೂ ಅದೇ ಗುಪ್ತನಾಮದಲ್ಲಿ ಬರೆದರು.

ಪತ್ತೇದಾರಿ ಕಥೆ ಮತ್ತು ಪದಬಂಧ ಎರಡೂ ಅವರಲ್ಲಿ ಸೇರಿ ಒಂದು ವಿಚಿತ್ರ ಪುಸ್ತಕ ಹುಟ್ಟಿತು. 1934ರಲ್ಲಿ ವಿಕ್ಟರ್ ಗೊಲಾಂಜ್ ಅವರ ಪ್ರಕಾಶನ ಸಂಸ್ಥೆ ಟಾರ್ಕಮಾಡಾ ಒಗಟಿನ ಪುಸ್ತಕ ಹೊರತಂದಿತು. ಅದರ ಕೊನೆಯ ಭಾಗ ಕೇನ್ಸ್ ಜಾಬೋನ್ ಎಂಬ 100 ಪುಟಗಳ ಕೊಲೆಯ ಕಥೆ. ಪುಟಗಳನ್ನು ಬೇಕೆಂದೇ ಹಿಂದುಮುಂದಾಗಿ ಅಚ್ಚು ಹಾಕಲಾಗಿತ್ತು. ಸರಿಯಾದ ಕ್ರಮಕ್ಕೆ ಜೋಡಿಸಿ, ಸತ್ತ ಆರು ಮಂದಿ ಯಾರು, ಅವರನ್ನು ಕೊಂದವರು ಯಾರು ಎಂದು ಹೇಳಿದವರಿಗೆ ಬಹುಮಾನ. ಉತ್ತರ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ.

ನಮ್ಮ ಗಣಿತದ ಮಕ್ಕಳಿಗಾಗಿ ಒಂದು ಮಾತು. 100 ಪುಟಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ತಿಳಿಯಲು ಒಂದರಿಂದ ನೂರರವರೆಗಿನ ಸಂಖ್ಯೆಗಳನ್ನೆಲ್ಲ ಗುಣಿಸಬೇಕು. ಗುಣಲಬ್ಧದಲ್ಲಿ 158 ಅಂಕೆಗಳಿರುತ್ತವೆ. ನಮ್ಮ ತಂದೆಯವರ 1,024 ಅದರ ಮುಂದೆ ಏನೂ ಅಲ್ಲ. ಅದೃಷ್ಟವನ್ನು ನಂಬಿ ಇದನ್ನು ಬಿಡಿಸುವಂತೆಯೇ ಇಲ್ಲ. ಆದರೂ 1930ರ ದಶಕದಲ್ಲಿ ಎಸ್. ಸಿಡ್ನಿ-ಟರ್ನರ್ ಮತ್ತು ಡಬ್ಲ್ಯು. ಎಸ್. ಕೆನಡಿ ಎಂಬ ಇಬ್ಬರು ಓದುಗರು ಬಿಡಿಸಿದರು. ಒಂದು ಪುಟದಲ್ಲಿ ಬರುವ ಹೆಸರು, ದಿನ, ಕವಿತೆಯ ನೆರಳು ಇನ್ನೊಂದು ಪುಟಕ್ಕೆ ಕೈ ತೋರಿಸುತ್ತದೆ. ಆ ಜಾಡು ಹಿಡಿದವರಿಗೆ ಮಾತ್ರ ಕೊನೆಯ ಉತ್ತರ.

ಮ್ಯಾಥರ್ಸ್ ಅವರಲ್ಲಿ ದೋಷ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಅವರ ಕೆಲವು ಸೂಚನೆಗಳು ತೀರಾ ದೂರದವು. ಇಂಗ್ಲಿಷ್ ಸಾಹಿತ್ಯವನ್ನೆಲ್ಲ ಅರೆದು ಕುಡಿದವರಿಗಲ್ಲದೆ ಬೇರೆಯವರಿಗೆ ನಿಲುಕದವು. 1939ರ ಫೆಬ್ರವರಿ 3ರಂದು, 46ನೆಯ ವಯಸ್ಸಿನಲ್ಲಿ ಅವರು ನಿದ್ದೆಯಲ್ಲೇ ತೀರಿಕೊಂಡ ಮೇಲೆ ಆಬ್ಸರ್ವರ್‌ನಲ್ಲಿ ಅವರ ಜಾಗಕ್ಕೆ ಬಂದವರು ಡಿ. ಎಸ್. ಮ್ಯಾಕ್‌ನಟ್. ಅವರು ಗ್ರೀಕ್, ಲ್ಯಾಟಿನ್ ಕಲಿಸುವ ಶಾಲಾ ಮೇಷ್ಟರು. ಗುರುವಿನ ದಾರಿಯಲ್ಲೇ ನಡೆದು ಜಿಮೆನೀಜ್ ಎಂಬ ಇನ್ನೊಬ್ಬ ವಿಚಾರಣಾಧಿಕಾರಿಯ ಹೆಸರು ಇಟ್ಟುಕೊಂಡರೂ, ಆಟಕ್ಕೆ ನ್ಯಾಯದ ನಿಯಮ ತಂದವರು ಅವರು. ಸೂಚನೆಯಲ್ಲಿ ಉತ್ತರದ ಅರ್ಥವೂ ಇರಬೇಕು, ಅಕ್ಷರಗಳ ದಾರಿಯೂ ಇರಬೇಕು, ಬೇಡದ ಪದ ಒಂದೂ ಇರಬಾರದು. 1966ರಲ್ಲಿ ಈ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಗುರು ಬಾಗಿಲು ತೆರೆದರು, ಮೇಷ್ಟರು ಮೆಟ್ಟಿಲು ಕಟ್ಟಿದರು ಎನ್ನಬಹುದು.

ಈ ಕಥೆಯನ್ನು ಓದಿ ಮುಗಿಸಿದಾಗ ನನಗೆ ತಂದೆಯವರ ಕೂಪನ್ನುಗಳು ನೆನಪಾದವು. ಅಲ್ಲೂ ಅಡಗಿಸಿಟ್ಟ ಉತ್ತರ, ಇಲ್ಲೂ ಅಡಗಿಸಿಟ್ಟ ಉತ್ತರ. ಅಲ್ಲಿಯ ಉತ್ತರ ಬೇರೆಯವರ ಪೆಟ್ಟಿಗೆಯಲ್ಲಿ ಇತ್ತು, ಅವರು ತೆಗೆದು ತೋರಿಸುವವರೆಗೆ ಗೊತ್ತಾಗುವ ಮಾರ್ಗವಿರಲಿಲ್ಲ. ಇಲ್ಲಿಯ ಉತ್ತರ ಒಗಟಿನ ಒಳಗೇ ಇತ್ತು. ಸಿಕ್ಕಿದಾಗ ಅದೇ ತನಗೆ ಸಾಕ್ಷಿ ಹೇಳುತ್ತಿತ್ತು. ಇಂಥ ಪದಬಂಧವನ್ನು ಮಕ್ಕಳಿಗೆ ಕೊಡಬಹುದು ಎನಿಸಿತು.

ಈ ಶಾಲೆಗೆ ಬಂದು ಕೆಲವು ವರ್ಷಗಳ ಮೇಲೆ ಹೆಡ್ ಮಾಸ್ಟರ ಅಪ್ಪಣೆ ಕೇಳಿ ಶುರುಮಾಡಿದೆ. ಕನ್ನಡದಲ್ಲಿ ಒಂದು ಮನೆಗೆ ಒಂದು ಇಡೀ ಅಕ್ಷರ, ಗುಣಿತವೂ ಒತ್ತೂ ಸೇರಿ. ಆದ್ದರಿಂದ ಇಂಗ್ಲಿಷಿನಂತೆ ಅಕ್ಷರ ಕಲಸುವುದು ನಮ್ಮಲ್ಲಿ ಕಷ್ಟ. ನಾನು ಹಿಡಿದದ್ದು ಸುಲಭದ ದಾರಿ. ಉತ್ತರಗಳ ಮೊದಲ ಅಕ್ಷರಗಳನ್ನು ಕೂಡಿಸಿದರೆ ಕೊನೆಯ ಉತ್ತರ ಬರಬೇಕು. ಶುಲ್ಕವಿಲ್ಲ, ಹಣದ ಬಹುಮಾನವಿಲ್ಲ. ಸರಿಯಾಗಿ ಬಿಡಿಸಿದವರ ಹೆಸರನ್ನು ಸೋಮವಾರದ ಪ್ರಾರ್ಥನೆಯ ಹೊತ್ತಿನಲ್ಲಿ ಓದುವುದು, ಅಷ್ಟೇ. ಹೇಗೆ ಬಿಡಿಸಿದೆ ಎಂದು ಬರೆಯಬೇಕು ಎಂಬುದೊಂದೇ ನಿಯಮ.

ಒಂದು ವಾರದ ಮೂರು ಸೂಚನೆಗಳು ನನಗೆ ಇಂದಿಗೂ ನೆನಪಿವೆ. ಕೆಸರಿನಲ್ಲಿ ಹುಟ್ಟಿದರೂ ದೇವರ ಪಾದ ಸೇರುವುದು, ಮೂರು ಅಕ್ಷರ. ಕೊಳಲಿಗೂ ಬೇಕು, ಬುಟ್ಟಿಗೂ ಬೇಕು, ಮೂರು ಅಕ್ಷರ. ಚಾಪೆಯ ಮೇಲೆ ಮಲಗಿದ ಬಡವನಿಗೆ ಬರುತ್ತದೆ, ಹಾಸಿಗೆಯ ಮೇಲಿನ ಸಾಹುಕಾರನಿಗೆ ಬರುವುದಿಲ್ಲ, ಎರಡು ಅಕ್ಷರ. ಕೊನೆಯ ಉತ್ತರ ನಮ್ಮ ನಾಡಿನ ಒಂದು ನದಿ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಂದ ಚೀಟಿಯಲ್ಲಿ ಮೊದಲನೆಯದಕ್ಕೆ ತಾವರೆ ಎಂದು ಬರೆದು ಹೊಡೆದುಹಾಕಿ ಕಮಲ ಎಂದು ಬರೆದಿತ್ತು. ಯಾಕಮ್ಮ ಹೊಡೆದೆ, ಎರಡೂ ಒಂದೇ ಅಲ್ಲವೇ ಎಂದು ಕೇಳಿದೆ. ತಾವರೆ, ಬಿದಿರು, ನಿದ್ದೆ ಎಂದರೆ ತಾಬಿನಿ ಆಗುತ್ತದೆ, ಅಂಥ ನದಿ ಇಲ್ಲ ಸಾರ್, ಕಮಲ ಎಂದರೆ ಕಬಿನಿ ಆಗುತ್ತದೆ ಎಂದಳು. ನಾನು ಸರಿ ಎಂದು ಹೇಳುವ ಮೊದಲೇ ಅದು ಸರಿ ಎಂದು ಅವಳಿಗೆ ಗೊತ್ತಿತ್ತು. ಹಣವೋ ಗುಣವೋ ಎಂದು ಲಾಂದ್ರದ ಬೆಳಕಿನಲ್ಲಿ ಕುಳಿತು ಯೋಚಿಸುತ್ತಿದ್ದ ನಮ್ಮ ತಂದೆಯವರಿಗೆ ಸಿಗದೆ ಹೋದದ್ದು ಅದೇ. ಅವರು ದಡ್ಡರಾಗಿರಲಿಲ್ಲ. ಅವರಿಗೆ ಸಿಕ್ಕ ಒಗಟೇ ಅಂಥದ್ದು. ಇಷ್ಟು ವರ್ಷ ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಆ ದಿನ ಬಹಳ ಮಟ್ಟಿಗೆ ಇಳಿಯಿತು.

ಊರಿಗೆ ಹೋದಾಗ ತಾಯಿಯವರಿಗೆ ಈ ವಿಷಯ ಹೇಳಲು ಅಂಜಿಕೆಯಾಯಿತು. ಆದರೂ ಹೇಳಿದೆ. ಮಕ್ಕಳಿಂದ ಎಷ್ಟು ದುಡ್ಡು ತೆಗೆದುಕೊಳ್ಳುತ್ತೀಯ ಎಂದು ಅವರು ಕೇಳಿದರು. ಏನೂ ಇಲ್ಲ ಎಂದೆ. ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ನನಗೂ ಒಂದು ಹೇಳು ನೋಡೋಣ ಎಂದರು. ಕಬಿನಿಯ ಪದಬಂಧವನ್ನೇ ಹೇಳಿದೆ. ನಿದ್ದೆಯನ್ನು ಅವರು ಎಲ್ಲಕ್ಕಿಂತ ಮೊದಲು ಹೇಳಿದರು.

ನಾನು ನಿವೃತ್ತನಾದ ಮೇಲೆ ಮ್ಯಾಥರ್ಸ್ ಅವರಿಗೆ ಮತ್ತೊಂದು ಜೀವ ಬಂತು. 2019ರಲ್ಲಿ ಕೇನ್ಸ್ ಜಾಬೋನ್ ಬಿಡಿ ಪುಟಗಳ ಪೆಟ್ಟಿಗೆಯಾಗಿ ಮತ್ತೆ ಪ್ರಕಟವಾಯಿತು. 2020ರಲ್ಲಿ ಕೊರೊನಾದಿಂದ ಜನ ಮನೆಯಲ್ಲೇ ಕುಳಿತಿದ್ದಾಗ ಇಂಗ್ಲೆಂಡಿನ ಹಾಸ್ಯ ಬರಹಗಾರ ಜಾನ್ ಫಿನ್ನಮೋರ್ ಸುಮಾರು ಆರು ತಿಂಗಳು ಕೂತು ಅದನ್ನು ಬಿಡಿಸಿದರು. ಉತ್ತರವನ್ನು ಮಾತ್ರ ಅವರೂ ಹೊರಗೆ ಬಿಡಲಿಲ್ಲ. ಮರುವರ್ಷ ಸಾಧಾರಣ ಪುಸ್ತಕವಾಗಿಯೂ ಬಂದು ಲೋಕದ ತುಂಬ ಮಾರಾಟವಾಯಿತು. ಕಮಲವನ್ನು ತಿದ್ದಿ ಬರೆದ ಆ ಹುಡುಗಿ ಈಗ ಪರದೇಶದಲ್ಲಿದ್ದಾಳೆ. ಅವಳೇ ನನಗೆ ಒಂದು ಪ್ರತಿ ಕಳಿಸಿಕೊಟ್ಟಳು.

ಪುಟಗಳನ್ನು ಕತ್ತರಿಸಿ ನಡುಮನೆಯಲ್ಲಿ ಹಗ್ಗ ಕಟ್ಟಿ ಕ್ಲಿಪ್ಪಿನಲ್ಲಿ ತೂಗುಹಾಕಿದ್ದೇನೆ. ಮನೆಯವರು ಬಟ್ಟೆ ಒಣಗಿಸಲು ಜಾಗವಿಲ್ಲವೆಂದು ಬೈಯುತ್ತಾರೆ. ಕೆಲವು ಪುಟಗಳನ್ನು ಜೋಡಿಸಿದ್ದೇನೆ, ಪೂರ್ತಿ ನನ್ನಿಂದ ಆಗುವಂತಿಲ್ಲ. ಸುವರ್ಣ ಮಹೋತ್ಸವದ ದಿನ ಆ ನೂರು ಹಾಳೆಗಳನ್ನೂ ಒಂದು ಡಬ್ಬದಲ್ಲಿ ಹಾಕಿ ಶಾಲೆಯ ಗ್ರಂಥಾಲಯಕ್ಕೆ ಕೊಡುತ್ತೇನೆ. ಮುಂದಿನ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯ ಮಗುವೊಂದು ಅವನ್ನು ಸರಿಯಾದ ಕ್ರಮಕ್ಕೆ ತಂದರೆ, ಉತ್ತರ ಸರಿಯೇ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಸೋಮವಾರದ ಪ್ರಾರ್ಥನೆಯಲ್ಲಿ ಹೆಸರು ಓದಿದರೆ ಸಾಕು.

(ಲೇಖಕರು ನಮ್ಮ ಶಾಲೆಯ ನಿವೃತ್ತ ಕನ್ನಡ ಶಿಕ್ಷಕರು)